ಬೈಕಂಪಾಡಿಯಿಂದ ತರಿಸಿದ ಡ್ರೈ ಐಸ್: ಸರಕು ಮತ್ತು ಸೇವೆಯ ಬಗ್ಗೆ

ಹೆಪ್ಪುಗಟ್ಟಿಸಿದ ಅಂಜಲ್, ಸಿಗಡಿ, ಐಸ್‌ಕ್ರೀಮ್ ಮುಂತಾದವನ್ನು ಮಂಗಳೂರಿನಿಂದ ಘಟ್ಟ ಹತ್ತಿಸಿ ಬೆಂಗಳೂರಿಗೋ ಮೈಸೂರಿಗೋ ಮುಟ್ಟಿಸಬೇಕಾದ, ಆದರೆ ಶೀತಲ ವಾಹನವನ್ನು ಬಾಡಿಗೆಗೆ ಹಿಡಿಯುವಷ್ಟು ಸರಕಿಲ್ಲದ ನನ್ನಂಥ ಸಣ್ಣ ವ್ಯಾಪಾರಿಗಳಿಗೆ ಡ್ರೈ ಐಸ್‌ನಷ್ಟು ಅನುಕೂಲವಾದ ವಸ್ತು ಬೇರೊಂದಿಲ್ಲ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಪೂರೈಕೆದಾರರೊಬ್ಬರಿಂದ ನಾನು ಇದನ್ನು ತರಿಸುತ್ತಾ ಬಂದಿದ್ದೇನೆ. ಸರಕು ಚೆನ್ನಾಗಿದೆ, ತೂಕ ಸರಿಯಾಗಿದೆ, ಹೇಳಿದ ಹೊತ್ತಿಗೆ ಸಿಗುತ್ತದೆ. ಆದರೂ ಇದನ್ನು ಕೊಳ್ಳಿ ಎಂದು ಎಲ್ಲರಿಗೂ ಕಣ್ಣುಮುಚ್ಚಿ ಹೇಳಲಾರೆ. ದಕ್ಕೆಯ, ಅಂದರೆ ಮೀನುಗಾರಿಕಾ ಬಂದರಿನ, ಐಸನ್ನು ಬಳಸಿ ಅಭ್ಯಾಸವಿರುವವರು ಇದನ್ನೂ ಅದೇ ಬಗೆಯ, ಇನ್ನಷ್ಟು ತಣ್ಣಗಿನ ಐಸೆಂದು ಭಾವಿಸಿ ಕೊಂಡರೆ ಹಣವೂ ಹಾಳು, ಸರಕೂ ಹಾಳು, ಕೆಲವೊಮ್ಮೆ ಜೀವಕ್ಕೂ ಅಪಾಯ. ಆದುದರಿಂದ ಈ ವಿಮರ್ಶೆಯಲ್ಲಿ ಅಂಗಡಿಯ ಬಗ್ಗೆ ಬರೆಯುವಷ್ಟೇ ಆ ವಸ್ತುವಿನ ನಡವಳಿಕೆಯ ಬಗ್ಗೆಯೂ ಬರೆಯುತ್ತಿದ್ದೇನೆ.

ಡ್ರೈ ಐಸ್ ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ಸೋಡಾ ಬಾಟಲಿಯಲ್ಲಿ ಗುಳ್ಳೆಯೇಳುವ ಅನಿಲವೇ ಇಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಸಾಧಾರಣ ವಾಯುಭಾರದಲ್ಲಿ ಇದರ ತಾಪಮಾನ ಸೊನ್ನೆಗಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ, ಮತ್ತು ಶಾಖ ತಗಲಿದಂತೆಲ್ಲ ಇದು ಕರಗದೆ ನೇರವಾಗಿ ಅನಿಲವಾಗಿ ಹೊರಟುಹೋಗುತ್ತದೆ. ಶಾಲೆಯಲ್ಲಿ ಕರ್ಪೂರವನ್ನು ತೋರಿಸಿ ಕಲಿಸುವ ಉತ್ಪತನ ಕ್ರಿಯೆ ಇದೇ. ಇಂಗಾಲದ ಡೈಆಕ್ಸೈಡ್ ದ್ರವವಾಗಿ ನಿಲ್ಲಬೇಕಾದರೆ ಒತ್ತಡವು ವಾಯುಭಾರದ ಐದು ಪಟ್ಟಿಗಿಂತ ಹೆಚ್ಚಿರಬೇಕು. ನಮ್ಮ ಅಡುಗೆಮನೆಯಲ್ಲಾಗಲಿ ಕಾರಿನ ಡಿಕ್ಕಿಯಲ್ಲಾಗಲಿ ಅಂಥ ಒತ್ತಡ ಇಲ್ಲದ ಕಾರಣ ಪೆಟ್ಟಿಗೆಯ ತಳದಲ್ಲಿ ಐಸ್ ಕರಗಿದ ನೀರು ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ. ಮೀನಿನ ಪೆಟ್ಟಿಗೆಯಿಂದ ಸೋರಿದ ನೀರು ಕಾರಿನ ಕಾರ್ಪೆಟ್ಟಿಗೆ ಇಳಿದು, ಎಷ್ಟು ತೊಳೆದರೂ ವಾಸನೆ ಹೋಗದೆ ಪರದಾಡಿದವರಿಗೆ ಈ ಒಂದು ಗುಣದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆಯ ವಿಚಾರಕ್ಕೆ ಬಂದರೆ, ಕಿಲೋ ಲೆಕ್ಕದಲ್ಲಿ ಇದು ಐಸ್ ಪ್ಲಾಂಟಿನ ಐಸಿಗಿಂತ ಹಲವು ಪಟ್ಟು ದುಬಾರಿ, ಸಣ್ಣ ಪ್ರಮಾಣದಲ್ಲಿ ಕೊಂಡರೆ ಇನ್ನೂ ದುಬಾರಿ. ಇದಕ್ಕೆ ಕಾರಣ ತಯಾರಿಕೆಯ ವಿಧಾನದಲ್ಲೇ ಇದೆ. ಒತ್ತಡದಲ್ಲಿಟ್ಟ ದ್ರವರೂಪದ ಇಂಗಾಲದ ಡೈಆಕ್ಸೈಡನ್ನು ಒಮ್ಮೆಗೇ ಹೊರಗಿನ ವಾಯುಭಾರಕ್ಕೆ ಬಿಟ್ಟಾಗ ಅದರ ಒಂದು ಪಾಲು ಆವಿಯಾಗುತ್ತದೆ; ಆವಿಯಾಗಲು ಬೇಕಾದ ಶಾಖವನ್ನು ಉಳಿದ ದ್ರವದಿಂದಲೇ ಸೆಳೆದುಕೊಳ್ಳುವುದರಿಂದ ಆ ಉಳಿದ ಪಾಲು ಹೆಪ್ಪುಗಟ್ಟಿ ಹಿಮದಂತೆ ಉದುರುತ್ತದೆ. ಹಾಗೆ ಸಿಗುವ ಹಿಮ ಹಾಕಿದ ದ್ರವದ ಅರ್ಧದಷ್ಟೂ ಇರುವುದಿಲ್ಲ. ಆ ಹಿಮವನ್ನು ಯಂತ್ರದಲ್ಲಿ ಒತ್ತಿ ಚಪ್ಪಡಿಯನ್ನಾಗಿಯೋ ಬೆರಳಿನ ಗಾತ್ರದ ಪೆಲೆಟ್‌ಗಳನ್ನಾಗಿಯೋ ಮಾಡುತ್ತಾರೆ. ಈ ಹಿಮವನ್ನು ಮೊದಲು ಕಂಡು ದಾಖಲಿಸಿದವನು ಫ್ರಾನ್ಸ್‌ನ ತಿಲೋರಿಯೆ, 1835ರಲ್ಲಿ. ಇದು ವ್ಯಾಪಾರದ ಸರಕಾಗಲು 1920ರ ದಶಕದ ಅಮೆರಿಕದವರೆಗೆ ಕಾಯಬೇಕಾಯಿತು.

ನಾನು ತರಿಸುವುದು ಸುಮಾರು 16 ಮಿಲಿಮೀಟರ್ ದಪ್ಪದ ಪೆಲೆಟ್‌ಗಳನ್ನು. ಒಳ್ಳೆಯ ಸರಕನ್ನು ನೋಡಿದೊಡನೆ ಗುರುತಿಸಬಹುದು. ಅದೇ ದಿನ ಬೆಳಗ್ಗೆ ಒತ್ತಿದ ಪೆಲೆಟ್‌ಗಳು ಬಿಡಿಬಿಡಿಯಾಗಿ, ಅಂಚು ಮುರಿಯದೆ, ಸುಣ್ಣದ ಕಡ್ಡಿಯಂತೆ ನುಣುಪಾದ ಬಿಳುಪಿನಲ್ಲಿರುತ್ತವೆ. ಹಳೆಯ ಸರಕಾದರೆ ಒಂದಕ್ಕೊಂದು ಅಂಟಿಕೊಂಡು ಗಂಟಾಗಿರುತ್ತವೆ ಮತ್ತು ಮೈಮೇಲೆ ಹುಡಿಹುಡಿಯಾದ ಹಿಮದ ಪದರ ಬೆಳೆದಿರುತ್ತದೆ. ಆ ಪದರ ಡ್ರೈ ಐಸ್ ಅಲ್ಲವೇ ಅಲ್ಲ, ಗಾಳಿಯಲ್ಲಿದ್ದ ನೀರಿನಾವಿ ಬಂದು ಕೂತು ಹೆಪ್ಪುಗಟ್ಟಿದ್ದು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ವರ್ಷವಿಡೀ ಇರುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ; ಪೆಟ್ಟಿಗೆಯ ಮುಚ್ಚಳವನ್ನು ಪದೇ ಪದೇ ತೆರೆದು ಮಾರುವ ಕಡೆ ಕೊಂಡರೆ ಬರೇ ನೀರಿನ ಹಿಮಕ್ಕೂ ಡ್ರೈ ಐಸಿನ ದರ ಕೊಟ್ಟಂತಾಗುತ್ತದೆ. ಬೈಕಂಪಾಡಿಯವರ ಸರಕಿನಲ್ಲಿ ಈ ದೋಷವನ್ನು ನಾನು ಕಂಡಿಲ್ಲ.

ಪೆಟ್ಟಿಗೆಯನ್ನು ಮೊದಲ ಸಲ ತೆರೆದವರನ್ನು ಬೆರಗುಗೊಳಿಸುವುದು ಅದರಿಂದ ಏಳುವ ಬಿಳಿ ಹೊಗೆ. ಅದನ್ನು ಇಂಗಾಲದ ಡೈಆಕ್ಸೈಡ್ ಎಂದು ತಿಳಿಯುವವರೇ ಹೆಚ್ಚು, ಆದರೆ ಆ ಅನಿಲ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಅದರ ಚಳಿಗೆ ಗಾಳಿಯಲ್ಲಿನ ತೇವ ಹನಿಗಟ್ಟಿ ಆದ ಮಂಜು. ಬಿಸಿನೀರಿನ ಸ್ಟೀಲ್ ಪಾತ್ರೆಗೆ ಒಂದೆರಡು ಪೆಲೆಟ್ ಹಾಕಿದರೆ ಅದು ಪಾತ್ರೆಯ ಅಂಚನ್ನು ದಾಟಿ, ಅಡುಗೆಕಟ್ಟೆಯಿಂದ ನೆಲಕ್ಕೆ ಸುರಿದು, ನೆಲಕ್ಕೆ ಅಂಟಿಕೊಂಡೇ ಹೊಸ್ತಿಲವರೆಗೆ ಹರಿಯುತ್ತದೆ. ಹಾಗೆ ಕೆಳಗೆ ಹರಿಯಲು ಕಾರಣ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿರುವುದು, ಜೊತೆಗೆ ಅದು ತಣ್ಣಗಿರುವುದು. ಮಂಜು ಕರಗಿ ಕಣ್ಣಿಗೆ ಏನೂ ಕಾಣದಾದ ಮೇಲೂ ಅನಿಲ ಅಲ್ಲೇ ತಗ್ಗಿನಲ್ಲಿ ತುಂಬಿರುತ್ತದೆ. ಆಳವಾದ ಪಾತ್ರೆಯ ತಳದಲ್ಲಿ ಪೆಲೆಟ್ ಇಟ್ಟು ಸ್ವಲ್ಪ ಹೊತ್ತು ಬಿಟ್ಟು, ಉರಿಯುವ ಮೇಣದಬತ್ತಿಯನ್ನು ಮೆಲ್ಲಗೆ ಒಳಗೆ ಇಳಿಸಿದರೆ ಅದು ಅಂಚಿನಿಂದ ಕೆಳಗೆ ಬಂದಕೂಡಲೇ ನಂದಿಹೋಗುತ್ತದೆ. ಈ ಒಂದು ಪ್ರಯೋಗವನ್ನು ಡ್ರೈ ಐಸ್ ಕೊಳ್ಳುವ ಪ್ರತಿಯೊಬ್ಬರೂ ಒಮ್ಮೆ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಮುಂದೆ ಹೇಳಲಿರುವ ಎಚ್ಚರಿಕೆಗಳೆಲ್ಲ ಆಗ ತಾವಾಗಿಯೇ ಮನಸ್ಸಿಗೆ ನಾಟುತ್ತವೆ. ಇನ್ನೊಂದು ವಿಚಿತ್ರ: ಸ್ಟೀಲ್ ಚಮಚವನ್ನು ಪೆಲೆಟ್ಟಿಗೆ ಒತ್ತಿದರೆ ಅದು ಕಿರ್ರೆಂದು ಕಿರಿಚುತ್ತದೆ. ಲೋಹದ ಶಾಖಕ್ಕೆ ಅದು ತಾಗಿದ ಜಾಗ ಥಟ್ಟನೆ ಅನಿಲವಾಗಿ ಚಮಚವನ್ನು ಹಿಂದಕ್ಕೆ ತಳ್ಳುತ್ತದೆ, ಕೈಯ ಒತ್ತಡಕ್ಕೆ ಚಮಚ ಮತ್ತೆ ತಾಗುತ್ತದೆ. ಕ್ಷಣಕ್ಕೆ ಎಷ್ಟೋ ಸಲ ಹೀಗೆ ಆಗುವ ಕಂಪನವೇ ಆ ಸದ್ದು.

ಈಗ ಮುಖ್ಯ ಪ್ರಶ್ನೆ: ಇಷ್ಟು ಹಣ ಕೊಟ್ಟಿದ್ದಕ್ಕೆ ಎಷ್ಟು ತಂಪು ಸಿಗುತ್ತದೆ? ಒಂದು ಕಿಲೋ ಸಾಮಾನ್ಯ ಮಂಜುಗಡ್ಡೆ ಕರಗುವಾಗ ಸುಮಾರು 334 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಕಿಲೋ ಡ್ರೈ ಐಸ್ ಅನಿಲವಾಗುವಾಗ ಸುಮಾರು 571 ಕಿಲೋಜೂಲ್ ಹೀರಿಕೊಳ್ಳುತ್ತದೆ. ಡ್ರೈ ಐಸ್ ನೀರಿಗಿಂತ ಒಂದೂವರೆ ಪಟ್ಟು ಸಾಂದ್ರವಾದ್ದರಿಂದ, ಪೆಟ್ಟಿಗೆಯಲ್ಲಿ ಅಷ್ಟೇ ಜಾಗ ಹಿಡಿಯುವ ಗಟ್ಟಿ ಚಪ್ಪಡಿಗಳನ್ನು ಹೋಲಿಸಿದರೆ ಈ ಅಂತರ ಎರಡೂವರೆ ಪಟ್ಟನ್ನೂ ಮೀರುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಲೆಕ್ಕಕ್ಕಿಂತ ಮುಖ್ಯವಾದದ್ದು ತಾಪಮಾನ. ಸಾಮಾನ್ಯ ಮಂಜುಗಡ್ಡೆಯನ್ನು ಎಷ್ಟೇ ಸುರಿದರೂ ಅದು ಕರಗುತ್ತಿರುವಾಗ ಪೆಟ್ಟಿಗೆ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರಬೇಕಾದ ಹೆಪ್ಪುಗಟ್ಟಿದ ಸಿಗಡಿ ಅದರಲ್ಲಿ ನಿಧಾನವಾಗಿ ಮೆತ್ತಗಾಗುತ್ತದೆ. ಈ ಎರಡರಲ್ಲಿ ಅದನ್ನು ಗಟ್ಟಿಯಾಗಿಯೇ ಉಳಿಸುವುದು ಡ್ರೈ ಐಸಿನಿಂದ ಮಾತ್ರ ಸಾಧ್ಯ.

ಅದೇ ಕಾರಣಕ್ಕೆ, ತಾಜಾ ಮೀನಿಗೆ ಡ್ರೈ ಐಸ್ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ದಕ್ಕೆಯಲ್ಲಿ ಬೆಳಗ್ಗೆ ಕೊಂಡ ಬಂಗುಡೆ, ಬೂತಾಯಿ, ಮಾಂಜಿಗೆ ಬೇಕಾದದ್ದು ಪುಡಿ ಮಾಡಿದ ಮಾಮೂಲಿ ಐಸ್. ಅದು ಕರಗಿದ ನೀರು ಮೀನಿನ ಮೈಯನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಒದ್ದೆಯಾಗಿ ಇಡುತ್ತದೆ. ಡ್ರೈ ಐಸ್ ತಾಗಿದರೆ ಮೀನಿನ ಚರ್ಮ ಒಣಗಿ ಸುಟ್ಟಂತಾಗುತ್ತದೆ, ಅಲ್ಲಲ್ಲಿ ಮಾಂಸ ಹೆಪ್ಪುಗಟ್ಟುತ್ತದೆ, ಕರಗಿದ ಮೇಲೆ ನೀರು ಬಿಟ್ಟು ಬಿಗಿ ಕಳೆದುಕೊಳ್ಳುತ್ತದೆ. ಮೀನಿನ ರುಚಿ ಬಲ್ಲ ನಮ್ಮೂರಿನವರು ಅದನ್ನು ಬಾಯಿಗಿಟ್ಟ ಕೂಡಲೇ ಕಂಡುಹಿಡಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧದ ಅವಧಿಯಲ್ಲಿ ಮೊದಲೇ ಹೆಪ್ಪುಗಟ್ಟಿಸಿಟ್ಟ ಸರಕನ್ನು ಕಳಿಸುವಾಗ ಡ್ರೈ ಐಸ್ ನಿಜವಾಗಿ ಕೈ ಹಿಡಿಯುತ್ತದೆ.

ಪೆಟ್ಟಿಗೆ ಕಟ್ಟುವ ಕ್ರಮ ಹೀಗೆ. ದಪ್ಪ ಗೋಡೆಯ ಥರ್ಮೋಕೋಲ್ ಪೆಟ್ಟಿಗೆಯ ತಳದಲ್ಲಿ ಸರಕನ್ನಿಟ್ಟು, ಅದರ ಮೇಲೆ ರಟ್ಟಿನ ಹಾಳೆ, ಅದರ ಮೇಲೆ ದಪ್ಪ ಕಾಗದದಲ್ಲಿ ಸುತ್ತಿದ ಡ್ರೈ ಐಸ್. ತಣ್ಣನೆಯ ಅನಿಲ ಕೆಳಮುಖವಾಗಿ ಇಳಿಯುವುದರಿಂದ ಮೇಲಿಡುವುದೇ ಸರಿ. ಖಾಲಿ ಜಾಗ ಉಳಿಯದಂತೆ ಹಳೆಯ ಪತ್ರಿಕೆಗಳನ್ನು ತುಂಬಬೇಕು. ಸಾಮಾನ್ಯ ಗಾತ್ರದ ಪೆಟ್ಟಿಗೆಯಲ್ಲಿ ಒಂದು ಹಗಲು ಒಂದು ರಾತ್ರಿಗೆ 2ರಿಂದ 5 ಕಿಲೋದಷ್ಟು ಡ್ರೈ ಐಸ್ ಆವಿಯಾಗುತ್ತದೆ ಎಂಬ ಅಂದಾಜಿನಲ್ಲಿ ಲೆಕ್ಕ ಹಾಕಿದರೆ ಸಾಕಾಗುತ್ತದೆ. ಪೆಟ್ಟಿಗೆಯ ಗೋಡೆ ತೆಳುವಾಗಿದ್ದರೆ ಹೆಚ್ಚು ಬೇಕು. ಶಿರಾಡಿಯಲ್ಲಿ ಗುಡ್ಡ ಕುಸಿದು ವಾಹನಗಳನ್ನು ಚಾರ್ಮಾಡಿ ಕಡೆಗೆ ತಿರುಗಿಸುವ ಸಾಧ್ಯತೆಯಿರುವ ದಿನಗಳಲ್ಲಿ ನಾನು ಅರ್ಧ ಪಾಲು ಹೆಚ್ಚೇ ಹಾಕುತ್ತೇನೆ. ಐಸ್‌ಕ್ರೀಮ್ ಕಳಿಸುವವರು ಒಂದು ವಿಷಯ ನೆನಪಿಡಬೇಕು: ಡ್ರೈ ಐಸಿನ ಪಕ್ಕದಲ್ಲಿ ಬಂದ ಐಸ್‌ಕ್ರೀಮ್ ಕಲ್ಲಾಗಿರುತ್ತದೆ, ಬಡಿಸುವ ಮೊದಲು ಸ್ವಲ್ಪ ಹೊತ್ತು ಹೊರಗಿಡದಿದ್ದರೆ ಚಮಚ ಬಾಗುತ್ತದೆ.

ಪೆಟ್ಟಿಗೆಯ ಮುಚ್ಚಳವನ್ನು ಗಾಳಿ ಆಡದಂತೆ ಮುಚ್ಚಬಾರದು. ಒಂದು ಕಿಲೋ ಡ್ರೈ ಐಸ್ ಪೂರ್ತಿಯಾಗಿ ಅನಿಲವಾದರೆ ನಮ್ಮ ಊರಿನ ಉಷ್ಣಾಂಶದಲ್ಲಿ 500 ಲೀಟರಿಗೂ ಮೀರಿ ಜಾಗ ಬೇಡುತ್ತದೆ. ಅದಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಒತ್ತಡ ಏರುತ್ತಾ ಹೋಗಿ ಡಬ್ಬಿ ಸಿಡಿಯುತ್ತದೆ. ಬಿರಡೆ ತಿರುಗಿಸಿದ ಪ್ಲಾಸ್ಟಿಕ್ ಬಾಟಲಿ, ಗಾಜಿನ ಭರಣಿ, ಬಿಗಿ ಮುಚ್ಚಳದ ಫ್ಲಾಸ್ಕ್ ಇವುಗಳಲ್ಲಿ ಡ್ರೈ ಐಸ್ ಹಾಕಿಡುವುದು ಸ್ಫೋಟಕವನ್ನು ಕೈಯಲ್ಲಿ ಹಿಡಿದುಕೊಂಡದ್ದಕ್ಕೆ ಕಡಿಮೆಯೇನಲ್ಲ. ಬೈಕಂಪಾಡಿಯಲ್ಲಿ ಸರಕು ತೂಗಿಕೊಡುವ ಹುಡುಗ ಪ್ರತಿ ಸಲವೂ ತಪ್ಪದೆ, “ಮುಚ್ಚಳಕ್ಕೆ ಸುತ್ತ ಟೇಪ್ ಹಾಕ್ಬೇಡಿ ಅಕ್ಕ, ಗ್ಯಾಸ್ ಹೋಗ್ಲಿಕ್ಕೆ ಜಾಗ ಬೇಕು” ಎಂದು ಹೇಳಿಯೇ ಕಳಿಸುತ್ತಾನೆ. ಗೊತ್ತಿರುವ ಗಿರಾಕಿಗೂ ಮತ್ತೆ ಮತ್ತೆ ಹೇಳುವ ಈ ಕಾಳಜಿಯನ್ನು ನಾನು ತುಂಬ ಗೌರವಿಸುತ್ತೇನೆ.

ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಕಾರಿನ ವಿಚಾರ. ಸಾಧಾರಣ ಕಾರಿನ ಒಳಗಿನ ಜಾಗವನ್ನು 3,000 ಲೀಟರ್ ಎಂದು ಇಟ್ಟುಕೊಳ್ಳೋಣ. ಹಿಂದಿನ ಸೀಟಿನ ಮೇಲಿಟ್ಟ ಪೆಟ್ಟಿಗೆಯಿಂದ ಗಂಟೆಗೆ ಕಾಲು ಕಿಲೋ ಡ್ರೈ ಐಸ್ ಆವಿಯಾದರೆ ಅದು ಸುಮಾರು 135 ಲೀಟರ್ ಅನಿಲವಾಗುತ್ತದೆ. ಮಳೆಯೆಂದು ಗಾಜು ಏರಿಸಿ, ಎಸಿಯನ್ನು ಒಳಗಿನ ಗಾಳಿಯನ್ನೇ ತಿರುಗಿಸುವಂತೆ ಇಟ್ಟು, ಹೊರಗಿನ ಗಾಳಿ ಒಂದಿಷ್ಟೂ ಬರದಂತಾದರೆ ಒಂದೇ ಗಂಟೆಯಲ್ಲಿ ಒಳಗಿನ ಗಾಳಿಯ ಶೇಕಡಾ 4ಕ್ಕೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 0.04ರಷ್ಟು ಮಾತ್ರ; ಕೆಲಸದ ಸ್ಥಳಗಳಲ್ಲಿ ಎಂಟು ಗಂಟೆಯ ಅವಧಿಗೆ ಒಪ್ಪುವ ಮಿತಿ ಶೇಕಡಾ 0.5, ಶೇಕಡಾ 4 ಎಂಬುದು ಜೀವಕ್ಕೆ ತತ್‌ಕ್ಷಣದ ಅಪಾಯವೆಂದು ಪರಿಗಣಿಸುವ ಮಟ್ಟ. ನಿಜವಾದ ಕಾರಿನಲ್ಲಿ ಸಂದುಗಳ ಮೂಲಕ ಗಾಳಿ ಒಂದಿಷ್ಟು ಆಡುವುದರಿಂದ ಪ್ರಮಾಣ ಇದಕ್ಕಿಂತ ಕಡಿಮೆ ಇರಬಹುದು, ಆದರೆ ಅದನ್ನು ನಂಬಿ ಕೂರುವುದು ವಿವೇಕವಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ಗುರುತಿಸುವಂಥ ವಾಸನೆಯಿಲ್ಲ. ತಲೆನೋವು, ಏದುಸಿರು, ತಲೆಸುತ್ತು, ಮಂಪರು ಇಷ್ಟೇ ಸೂಚನೆ. ಘಾಟಿಯ ತಿರುವುಗಳಲ್ಲಿ ಇವನ್ನೆಲ್ಲ ಪ್ರಯಾಣದ ಆಯಾಸವೆಂದು ತಳ್ಳಿಹಾಕುವುದು ಎಷ್ಟು ಸುಲಭ ಎಂದು ಯೋಚಿಸಿ. 2018ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಐಸ್‌ಕ್ರೀಮ್ ಪೂರೈಕೆಯ ಡ್ರೈ ಐಸ್ ಪೆಟ್ಟಿಗೆಗಳನ್ನು ಇಟ್ಟಿದ್ದ ಕಾರಿನಲ್ಲಿ ಪ್ರಯಾಣಿಸುತ್ತಿದ್ದ ಮಹಿಳೆಯೊಬ್ಬರು ಹೀಗೆಯೇ ಉಸಿರುಗಟ್ಟಿ ತೀರಿಕೊಂಡರು. ಪೆಟ್ಟಿಗೆಯನ್ನು ಡಿಕ್ಕಿಯಲ್ಲೇ ಇಡಿ, ಮಳೆಯಿದ್ದರೂ ಗಾಜನ್ನು ಎರಡು ಬೆರಳು ಇಳಿಸಿ, ಎಸಿಯನ್ನು ಹೊರಗಿನ ಗಾಳಿ ತೆಗೆದುಕೊಳ್ಳುವಂತೆ ಇಡಿ. ಡಿಕ್ಕಿಯೂ ಒಳಭಾಗವೂ ಒಂದೇ ಆಗಿರುವ ಗಾಡಿಗಳಲ್ಲಿ ಮಕ್ಕಳನ್ನು ಹಿಂದೆ ಮಲಗಿಸಿಕೊಂಡು ಡ್ರೈ ಐಸ್ ಒಯ್ಯಲೇಬೇಡಿ.

ಪೂರೈಕೆಯ ಗುಣಮಟ್ಟ ಎಷ್ಟು ಮುಖ್ಯ ಎಂಬುದು ನನಗೆ ಹೆಚ್ಚು ಮನವರಿಕೆಯಾದದ್ದು ಬೇರೊಂದು ಕಡೆ ಕೊಂಡಾಗ. ಅಲ್ಲಿ ಸಂಜೆ ಬರಬೇಕಾದ ಪೆಟ್ಟಿಗೆ ಮಾರನೆಯ ದಿನ ಬಂತು, ಮುಚ್ಚಳಕ್ಕೆ ಸುತ್ತಲೂ ಬಿಗಿಯಾಗಿ ಟೇಪು ಸುತ್ತಿತ್ತು, ಬಿಲ್ಲಿನಲ್ಲಿ ಹಿಂದಿನ ದಿನ ತುಂಬಿಸಿದ ತೂಕ ನಮೂದಾಗಿತ್ತು. ದಾರಿಯಲ್ಲಿ ಆವಿಯಾಗಿ ಹೋದದ್ದಕ್ಕೂ ಗಿರಾಕಿಯೇ ಹಣ ಕೊಡಬೇಕೆಂಬುದು ಅವರ ನಿಲುವು. ಈ ವಸ್ತು ಕ್ಷಣಕ್ಷಣಕ್ಕೂ ಕಡಿಮೆಯಾಗುತ್ತದೆ ಎಂಬುದು ಮಾರುವವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ; ತೂಕ ಎಂದರೆ ಗಿರಾಕಿಯ ಕೈಗೆ ಕೊಡುವ ಹೊತ್ತಿನ ತೂಕವೇ ಆಗಿರಬೇಕು. ಬೈಕಂಪಾಡಿಯವರು ಪೆಟ್ಟಿಗೆಯ ತೂಕವನ್ನು ಕಳೆದು, ನಮ್ಮೆದುರೇ ತೂಗಿ ಕೊಡುತ್ತಾರೆ. ಹಿಂದಿನ ದಿನವೇ ಹೇಳಿಡಬೇಕು, ತೀರ ಸಣ್ಣ ಪ್ರಮಾಣಕ್ಕೆ ಒಪ್ಪುವುದಿಲ್ಲ, ಭಾನುವಾರ ಸಿಗುವುದಿಲ್ಲ ಎಂಬ ತೊಂದರೆಗಳಿವೆ. ಮದುವೆಗಳು ಹೆಚ್ಚಾಗಿ ಭಾನುವಾರವೇ ನಡೆಯುವ ನಮ್ಮ ಜಿಲ್ಲೆಯಲ್ಲಿ ಕೊನೆಯದು ಸಣ್ಣ ಅನನುಕೂಲವಲ್ಲ.

ಮದುವೆಯ ಪ್ರಸ್ತಾಪ ಬಂದದ್ದರಿಂದ ಅದರ ಬಗ್ಗೆಯೂ ಹೇಳಬೇಕು. ವಧೂವರರು ಸಭಾಂಗಣಕ್ಕೆ ಬರುವಾಗ ನೆಲದ ಮೇಲೆ ಮೋಡ ಹರಿಸುವುದಕ್ಕೆ ಇದನ್ನೇ ಬಿಸಿನೀರಿನ ಯಂತ್ರದಲ್ಲಿ ಹಾಕುತ್ತಾರೆ. ದೊಡ್ಡ ಸಭಾಂಗಣದಲ್ಲಿ, ಬಾಗಿಲು ತೆರೆದಿಟ್ಟು, ಸ್ವಲ್ಪ ಹೊತ್ತು ಮಾಡಿದರೆ ಚಿಂತೆಯಿಲ್ಲ. ಆದರೆ ಆ ಮೋಡದೊಳಗೆ ನೆಲದ ಮೇಲೆ ಕೂತು ಆಡಲು ಪುಟ್ಟ ಮಕ್ಕಳನ್ನು ಬಿಡಬಾರದು, ಅವರ ಮೂಗಿನ ಎತ್ತರದಲ್ಲೇ ಅನಿಲ ತುಂಬಿರುತ್ತದೆ. ಸ್ವಾಗತ ಪಾನೀಯದಲ್ಲಿ ಹೊಗೆಯೇಳಿಸಲು ಪೆಲೆಟ್ ಹಾಕಿ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪೆಲೆಟ್ ನೀರಿಗಿಂತ ಭಾರವಾದ್ದರಿಂದ ಲೋಟದ ತಳದಲ್ಲಿ ಕೂರುತ್ತದೆ ಎಂಬುದು ನಿಜವಾದರೂ, ಕೊನೆಯ ಗುಟುಕಿನಲ್ಲಿ ಅದು ಬಾಯಿಗೆ ಜಾರಿದರೆ ಬಾಯಿ, ಗಂಟಲು, ಹೊಟ್ಟೆ ಸುಟ್ಟುಹೋಗುತ್ತವೆ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಉಪಾಹಾರಗೃಹವೊಂದರಲ್ಲಿ ಊಟದ ನಂತರ ಬಾಯಿ ತಾಜಾ ಮಾಡುವ ಪದಾರ್ಥವೆಂದು ಡ್ರೈ ಐಸ್ ತಿಂದ ಐವರು ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ್ದರು. ನೋಡಲು ಕಲ್ಲುಸಕ್ಕರೆಯನ್ನು ಹೋಲುವ ಈ ವಸ್ತುವನ್ನು ಊಟದ ಮೇಜಿನ ಹತ್ತಿರಕ್ಕೂ ತರಬಾರದು.

ಮನೆಯಲ್ಲಿ ಇಟ್ಟುಕೊಳ್ಳುವವರು ಫ್ರಿಜ್ಜಿನ ಫ್ರೀಜರಿನಲ್ಲಿಟ್ಟರೆ ಉಳಿಯುತ್ತದೆ ಎಂದು ಭಾವಿಸುವುದುಂಟು. ಫ್ರೀಜರು ಡ್ರೈ ಐಸಿಗಿಂತ 60 ಡಿಗ್ರಿ ಬೆಚ್ಚಗಿರುತ್ತದೆ, ಹಾಗಾಗಿ ಅದು ಅಲ್ಲಿಯೂ ಆವಿಯಾಗುತ್ತಲೇ ಇರುತ್ತದೆ, ಮೇಲಾಗಿ ಅತಿ ಚಳಿಗೆ ಫ್ರಿಜ್ಜಿನ ಥರ್ಮೋಸ್ಟ್ಯಾಟ್ ಕೆಲಸ ನಿಲ್ಲಿಸಬಹುದು. ಬಳಸುವ ದಿನವೇ ತರುವುದೊಂದೇ ದಾರಿ. ದಪ್ಪ ಕೈಗವಸಿಲ್ಲದೆ ಮುಟ್ಟಬಾರದು, ಒದ್ದೆ ಕೈಯಲ್ಲಂತೂ ಸುತರಾಂ ಮುಟ್ಟಬಾರದು. ಮಿಕ್ಕದ್ದನ್ನು ಸಿಂಕಿಗೆ ಸುರಿದರೆ ಪೈಪು ಬಿರುಕು ಬಿಡುತ್ತದೆ. ಅಂಗಳದಲ್ಲಿ, ಮಕ್ಕಳ ಮತ್ತು ನಾಯಿ ಬೆಕ್ಕುಗಳ ಕೈಗೆಟುಕದ ಕಡೆ, ತೆರೆದಿಟ್ಟರೆ ತಾನಾಗಿಯೇ ಇಲ್ಲವಾಗುತ್ತದೆ. ಬಾವಿಕಟ್ಟೆಯ ಬಳಿ, ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಬೇಡ.

ಗಲ್ಫ್‌ನಲ್ಲಿರುವ ಮಕ್ಕಳಿಗೆ ಮೀನು ಒಯ್ಯುವವರು ಬಜಪೆಯ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ವಿಮಾನ ಸಂಸ್ಥೆಯೊಂದಿಗೆ ಮಾತಾಡಿಕೊಳ್ಳಬೇಕು. ಅಂತಾರಾಷ್ಟ್ರೀಯ ನಿಯಮದಂತೆ ಒಬ್ಬ ಪ್ರಯಾಣಿಕರು ಸಂಸ್ಥೆಯ ಒಪ್ಪಿಗೆಯಿದ್ದರೆ 2.5 ಕಿಲೋದವರೆಗೆ ಡ್ರೈ ಐಸ್ ಒಯ್ಯಬಹುದು. ಪೆಟ್ಟಿಗೆಯಿಂದ ಅನಿಲ ಹೊರಹೋಗುವಂತಿರಬೇಕು ಮತ್ತು ಚೆಕ್-ಇನ್ ಲಗೇಜಾದರೆ ಒಳಗೆ ಡ್ರೈ ಐಸ್ ಇದೆ ಎಂಬ ಗುರುತೂ ಅದರ ತೂಕವೂ ಪೆಟ್ಟಿಗೆಯ ಮೇಲಿರಬೇಕು. ಸರಕು ಸಾಗಣೆಯಲ್ಲಿ ಇದರ ಗುರುತಿನ ಸಂಖ್ಯೆ ಯುಎನ್ 1845. ಬೈಕಂಪಾಡಿಯ ಪೂರೈಕೆದಾರರು ಈ ಸಂಖ್ಯೆಯಿರುವ ಚೀಟಿಯನ್ನು ಕೇಳಿದವರಿಗೆ ಅಂಟಿಸಿ ಕೊಡುತ್ತಾರೆ, ಆದರೆ ಅದರ ಮೇಲಿನ ಎಚ್ಚರಿಕೆಗಳೆಲ್ಲ ಇಂಗ್ಲಿಷಿನಲ್ಲೇ ಇವೆ. ಬಾಯಿಮಾತಿನಲ್ಲಿ ಇಷ್ಟು ಶ್ರದ್ಧೆಯಿಂದ ಹೇಳುವವರು ಅದನ್ನೇ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪೆಟ್ಟಿಗೆಗೂ ಅಂಟಿಸಿದರೆ, ಕೊಂಡವರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಪೆಟ್ಟಿಗೆಯನ್ನು ತೆರೆಯುವವರಿಗೂ ವಿಷಯ ತಿಳಿಯುತ್ತದೆ. ಈ ಬೇಡಿಕೆಯನ್ನು ಅವರ ಮುಂದೆ ಇಟ್ಟಿದ್ದೇನೆ. ಮುಂದಿನ ಸಲ ಚೀಟಿ ಮುದ್ರಿಸುವಾಗ ಕನ್ನಡವನ್ನೂ ಸೇರಿಸುತ್ತೇವೆ ಎಂದಿದ್ದಾರೆ.